ಗಾಡಿ ತಾಗಿದ್ರೆ ಹೊಡೆದಾಟನೇ ಆಗಬೇಕಾ?

ಸಂಪಾದಕರೇ,

ಬೆಂಗಳೂರಲ್ಲಿ ಈಗ ಗಾಡಿಗೆ ಗಾಡಿ ಸ್ವಲ್ಪ ತಾಗಿದ್ರೂ ಸಾಕು, ಅಡ್ಡ ಹಾಕಿ ಇಳಿದು ಬಂದು ಗ್ಲಾಸ್ ಗುದ್ದೋದು, ಕೀ ಕಿತ್ಕೊಳ್ಳೋದು, ಒಳಗೆ ಮಕ್ಕಳು ಕೂತಿದಾರೆ ಅನ್ನೋದನ್ನೂ ನೋಡದೆ ಬಾಯಿಗೆ ಬಂದಂಗೆ ಬೈಯೋದು ಮಾಮೂಲಿ ಆಗ್ಬಿಟ್ಟಿದೆ. ಸಿಲ್ಕ್ ಬೋರ್ಡ್, ಹೆಬ್ಬಾಳದ ಜಾಮಲ್ಲಿ ನಿಂತು ನಿಂತು ತಲೆ ಕೆಡುತ್ತೆ ನಿಜ, ಆದ್ರೆ ಮುಂದಿರೋನೂ ಅದೇ ಜಾಮಲ್ಲೇ ತಾನೇ ಸಿಕ್ಕಾಕೊಂಡಿರೋದು.

ನಂಗೆ ಜಾಸ್ತಿ ಸಂಕಟ ಆಗೋದು ಡೆಲಿವರಿ ಹುಡುಗರನ್ನ ನೋಡಿದಾಗ. ತಪ್ಪು ಯಾರದ್ದೇ ಇರ್ಲಿ ಏಟು ಬೀಳೋದು ಅವರಿಗೇ, ಅವತ್ತಿನ ದುಡಿಮೆನೂ ಹೋಯ್ತು ಗಾಡಿ ರಿಪೇರಿನೂ ತಲೆ ಮೇಲೆ ಬಂತು, ಸುತ್ತ ನಿಂತೋರು ಜಗಳ ಬಿಡಿಸೋದು ಬಿಟ್ಟು ವಿಡಿಯೋ ಮಾಡ್ತಿರ್ತಾರೆ. ಆಂಬ್ಯುಲೆನ್ಸ್ ಹಿಂದೆ ಬಂದ್ರೂ ಜಗಳ ನಿಲ್ಲಲ್ಲ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅದಕ್ಕೆ ದಾರಿ ಬಿಡದಿದ್ರೆ 10,000 ರೂಪಾಯಿ ದಂಡ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಯಾರಾದ್ರೂ ಅಡ್ಡ ಹಾಕಿದ್ರೆ ದಯವಿಟ್ಟು ಇಳಿಬೇಡಿ, ಗ್ಲಾಸ್ ಏರಿಸಿ, ಡೋರ್ ಲಾಕ್ ಮಾಡಿ 112ಗೆ ಫೋನ್ ಮಾಡಿ. ನಮ್ಮಿಂದ ತಾಗಿದ್ರೆ ಕೈ ಎತ್ತಿ ‘ಸಾರಿ, ತಪ್ಪಾಯ್ತು’ ಅಂದ್ಬಿಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ.

ಡ್ರೈವಿಂಗ್ ಸ್ಕೂಲಲ್ಲಿ ಕ್ಲಚ್, ಗೇರ್ ಕಲಿಸ್ತಾರೆ, ಸಿಟ್ಟು ಬಂದಾಗ ಏನ್ ಮಾಡಬೇಕು ಅಂತ ಯಾರು ಹೇಳಿಕೊಡ್ತಾರೆ? ಡಿಎಲ್ ಕೊಡೋ ಮುಂಚೆ ಇದನ್ನೂ ಕಡ್ಡಾಯವಾಗಿ ಕಲಿಸೋ ವ್ಯವಸ್ಥೆನ ಸಾರಿಗೆ ಇಲಾಖೆ ಮಾಡಲಿ, ರಸ್ತೆಲಿ ಕೈ ಮಾಡಿದವರ ಲೈಸೆನ್ಸ್ ಸಸ್ಪೆಂಡ್ ಮಾಡಲಿ.

– ಒಬ್ಬ ಓದುಗ, ಬೆಂಗಳೂರು