ಓದುಗರ ಫೋಟೋ ಜೊತೆ ಅದರ ಒರಿಜಿನಲ್ಲೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಪುರವಣಿಯಲ್ಲಿ ನೀವು ಹಾಕೋ ಓದುಗರ ಫೋಟೋಗಳನ್ನ ನಾನು ಒಂದು ವಾರಾನೂ ತಪ್ಪಿಸಲ್ಲ, ಬೆಟ್ಟ ಇರಲಿ ಕೆರೆ ಇರಲಿ ಸೂರ್ಯಾಸ್ತ ಇರಲಿ, ಪೇಪರ್ ಕೈಗೆ ಬಂದ ತಕ್ಷಣ ಮೊದಲು ಆ ಪುಟಾನೇ ತೆಗೆಯೋದು. ಆದ್ರೆ ಫೋಟೋ ಕೆಳಗೆ ತೆಗೆದವರ ಹೆಸರು, ಜಾಗದ ಹೆಸರು ಬಿಟ್ರೆ ಬೇರೇನೂ ಇರಲ್ಲ. ಹೊಸದಾಗಿ ಫೋಟೋ ತೆಗೆಯೋಕೆ ಶುರು ಮಾಡಿರೋರು ಅದನ್ನ ನೋಡಿ, ಇವರ ಹತ್ರ ದೊಡ್ಡ ಕ್ಯಾಮೆರಾ ಇದೆ ನಮ್ಮ ಹತ್ರ ಇಲ್ಲ ಅಂದ್ಕೊಳ್ತಾರೆ, ಇಲ್ಲಾಂದ್ರೆ ಎಲ್ಲಾ ಎಡಿಟಿಂಗ್ ಮಹಿಮೆ ಬಿಡಿ ಅಂತ ಪುಟ ತಿರುಗಿಸ್ತಾರೆ. ಹೀಗೆ ಅಂದ್ಕೊಂಡು ಫೋಟೋ ತೆಗೆಯೋದನ್ನೇ ನಿಲ್ಲಿಸಿದ ಮೂರ್ನಾಲ್ಕು ಜನ ನನಗೇ ಗೊತ್ತು, ಅದಕ್ಕೆ ಈ ಪತ್ರ.

ಶುರುವಿನ ದಿನಗಳಲ್ಲಿ ನನ್ನ ಕಥೆನೂ ಅದೇ. ಎದುರಿಗೆ ದೊಡ್ಡ ಬೆಟ್ಟ, ಮೇಲೆ ಮೋಡ, ಕೆಳಗೆ ಬಯಲು, ನೋಡ್ತಾ ನಿಂತ್ರೆ ಎದೆ ತುಂಬಿ ಬರೋದು, ಆದ್ರೆ ಮನೆಗೆ ಬಂದು ಫೋಟೋ ನೋಡಿದ್ರೆ ಬೆಟ್ಟ ಒಂದು ಗೆರೆ ತರ ಎಲ್ಲೋ ದೂರದಲ್ಲಿ, ಕೆಳಗಿನ ಅರ್ಧ ಬರೀ ಖಾಲಿ ನೆಲ. ತಪ್ಪು ಎಲ್ಲಿದೆ ಅಂತ ತುಂಬಾ ದಿನ ಗೊತ್ತಾಗ್ಲೇ ಇಲ್ಲ. ಆಮೇಲೆ ತಿಳೀತು, ನಮ್ಮ ಕಣ್ಣು ಬೇಕಾದ್ದನ್ನ ಮಾತ್ರ ಆರಿಸ್ಕೊಂಡು ನೋಡುತ್ತೆ, ಕ್ಯಾಮೆರಾಗೆ ಆ ಆಯ್ಕೆ ಇಲ್ಲ, ಮುಂದೆ ಇರೋದೆಲ್ಲ ಒಂದೇ ತೂಕದಲ್ಲಿ ಬಂದು ಕೂರುತ್ತೆ. ಅದರ ಮೇಲೆ ಫೋನಿನ ಮೇನ್ ಕ್ಯಾಮೆರಾ ಸಾಮಾನ್ಯವಾಗಿ ಹಳೇ 35 ಎಂಎಂ ಫಿಲ್ಮ್ ಕ್ಯಾಮೆರಾ ಲೆಕ್ಕದಲ್ಲಿ 24ರಿಂದ 26 ಎಂಎಂ ಲೆನ್ಸ್‌ಗೆ ಸಮ, ಅಂದ್ರೆ ಸಾಕಷ್ಟು ಅಗಲ. ಅಗಲದ ಲೆನ್ಸಲ್ಲಿ ಹತ್ತಿರ ಇರೋದು ದೊಡ್ಡದಾಗಿ ಕಾಣುತ್ತೆ, ದೂರದ್ದು ಕುಗ್ಗಿ ಹೋಗುತ್ತೆ. ಹಾಗಾಗಿ ಬೆಟ್ಟಾನೇ ಮುಖ್ಯ ಅಂದ್ರೆ ಫೋನಲ್ಲಿ ದೂರದ್ದನ್ನ ಹತ್ರ ತೋರಿಸೋ ಟೆಲಿ ಲೆನ್ಸ್ ಇದ್ರೆ ಅದಕ್ಕೆ ಹಾಕಿ ತೆಗೀಬೇಕು, ಬರೀ ಅಗಲದ ಲೆನ್ಸೇ ಇರೋದು ಅಂದ್ರೆ ನಾಲ್ಕು ಹೆಜ್ಜೆ ಆ ಕಡೆ ಈ ಕಡೆ ಓಡಾಡಿ ಕಾಲ ಹತ್ರ ಏನಾದ್ರೂ ಹುಡುಕ್ಬೇಕು, ಒಂದು ಬಂಡೆ, ಒಣಗಿದ ಕೊಂಬೆ, ನೀರಿನ ಅಂಚು, ಬೆಟ್ಟದ ಕಡೆಗೆ ಹೋಗೋ ಕಾಲುದಾರಿ, ಏನಾದ್ರೂ ಸರಿ. ಮಂಡಿಯೂರಿ ಆ ಬಂಡೆ ಹತ್ರಕ್ಕೆ ಹೋದ್ರೆ ಸಾಕು, ಕಣ್ಣು ಮೊದಲು ಅದರ ಮೇಲೆ ಬಿದ್ದು ಅಲ್ಲಿಂದ ಬೆಟ್ಟದ ತನಕ ನಡ್ಕೊಂಡು ಹೋಗುತ್ತೆ. ಚಪ್ಪಟೆ ಫೋಟೋಗೆ ಆಳ ಬರೋದು ಹೀಗೆ, ಇದನ್ನ ಯಾವ ಆಪೂ ಆಮೇಲೆ ಕೂರಿಸಿಕೊಡಲ್ಲ.

ಇನ್ನು ಮೂರನೇ ಒಂದು ಭಾಗದ ರೂಲ್ ಎಲ್ಲರೂ ಕೇಳಿರ್ತಾರೆ, ಫ್ರೇಮನ್ನ ಮೂರು ಸಮ ಭಾಗ ಮಾಡಿ ಮುಖ್ಯವಾದ್ದನ್ನ ನಡುವೆ ಇಡದೇ ಆ ಭಾಗದ ಗೆರೆ ಮೇಲೆ ಇಡೋದು. ಇದು ಫೋಟೋದವರ ರೂಲ್ ಅಂತ ನಾನು ಅಂದ್ಕೊಂಡಿದ್ದೆ, ನಿಜ ನೋಡಿದ್ರೆ 1797ರಲ್ಲೇ ಜಾನ್ ಥಾಮಸ್ ಸ್ಮಿತ್ ಅನ್ನೋ ಇಂಗ್ಲಿಷ್ ಕಲಾವಿದರು ಹಳ್ಳಿಗಾಡಿನ ದೃಶ್ಯ ಬರೆಯೋದರ ಬಗ್ಗೆ ಹೇಳ್ತಾ ಈ ಮಾತು ಬರೆದಿದ್ರು, ಫೋಟೋಗ್ರಫಿ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಫೋನ್ ಸೆಟ್ಟಿಂಗ್ಸಲ್ಲಿ ಗ್ರಿಡ್ ಆನ್ ಮಾಡಿದ್ರೆ ಅಡ್ಡ ಎರಡು, ಉದ್ದ ಎರಡು ಗೆರೆ ಬರುತ್ತೆ. ಆಕಾಶದಲ್ಲಿ ಒಳ್ಳೆ ಮೋಡ ಇದ್ರೆ ದಿಗಂತಾನ ಕೆಳಗಿನ ಗೆರೆಗೆ ಇಳಿಸಿ, ಆಕಾಶ ಬರೀ ಬಿಳಿ ಆಗಿದ್ರೆ ಮೇಲಿನ ಗೆರೆಗೆ ಏರಿಸಿ, ಅಷ್ಟೇ. ಆದ್ರೆ ಇದನ್ನ ವ್ರತ ತರ ಹಿಡ್ಕೋಬಾರ್ದು. ನೀರು ಅಲುಗಾಡದೇ ಇರೋ ಬೆಳಗ್ಗೆ ಕೆರೆಯಲ್ಲಿ ಬೆಟ್ಟ ಹಾಗೇ ಮೂಡಿರುತ್ತಲ್ಲ, ಆಗ ದಿಗಂತ ನಡುವೆ ಇದ್ರೇನೇ ಚೆಂದ. ನನ್ನ ಪ್ರಕಾರ ಗ್ರಿಡ್‌ನ ದೊಡ್ಡ ಉಪಯೋಗ ಬೇರೆ, ದಿಗಂತ ವಾಲಿದೆಯಾ ಅಂತ ಅಲ್ಲೇ ಗೊತ್ತಾಗುತ್ತೆ. ಒಂದು ಡಿಗ್ರಿ ವಾಲಿದ್ರೂ ಕೆರೆ ನೀರು ಒಂದು ಕಡೆಗೆ ಹರಿದು ಹೋಗ್ತಿರೋ ಹಾಗೆ ಕಾಣುತ್ತೆ, ಆಮೇಲೆ ನೇರ ಮಾಡೋಕೆ ಹೋದ್ರೆ ನಾಲ್ಕೂ ಮೂಲೆ ಕತ್ತರಿಸಿ ಹೋಗುತ್ತೆ.

ಮೂಲೆ ಅಂದಾಗ ನೆನಪಾಯ್ತು, ಕ್ಲಿಕ್ ಮಾಡೋಕೆ ಮುಂಚೆ ಒಂದು ಸಲ ಫ್ರೇಮಿನ ನಾಲ್ಕೂ ಅಂಚು ಸುತ್ತಿ ನೋಡೋದು ಬಿಡಲೇಬಾರದು. ಅರ್ಧ ಕತ್ತರಿಸಿದ ಮರ, ಇಣುಕ್ತಿರೋ ತಂತಿ, ಯಾರದೋ ಮೊಣಕೈ, ಅರ್ಧಕ್ಕರ್ಧ ಫೋಟೋ ಕೆಡೋದು ಅಲ್ಲೇ ಅನ್ಸುತ್ತೆ ನನಗೆ.

ಬೆಳಕಿನ ವಿಷಯ ಎಲ್ಲರಿಗೂ ಗೊತ್ತಿರೋದೇ, ನಡು ಮಧ್ಯಾಹ್ನ ಮೇಲಿಂದ ಬೀಳೋ ಬಿಸಿಲಲ್ಲಿ ಬೆಟ್ಟದ ಮಡಿಕೆಗಳೆಲ್ಲ ಮಾಯ, ಬೆಳಗ್ಗೆ ಸಂಜೆ ಪಕ್ಕದಿಂದ ಬೀಳೋ ಬಿಸಿಲಲ್ಲಿ ಒಂದೊಂದು ಮಡಿಕೆಗೂ ನೆರಳು. ಜನ ಎಡವೋದು ಎಕ್ಸ್‌ಪೋಷರಲ್ಲಿ, ಅಂದ್ರೆ ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡ್ಬೇಕು ಅನ್ನೋದರಲ್ಲಿ. ಆಕಾಶ ತುಂಬಾ ಬೆಳ್ಳಗೆ, ನೆಲ ಕಪ್ಪು, ಎರಡೂ ಒಟ್ಟಿಗೆ ಬರಲ್ಲ. ಇದು ಇವತ್ತಿನ ತೊಂದರೆ ಏನಲ್ಲ, 1850ರ ದಶಕದಲ್ಲಿ ಗುಸ್ತಾವ್ ಲ ಗ್ರೇ ಅನ್ನೋ ಫ್ರೆಂಚ್ ಫೋಟೋಗ್ರಾಫರ್ ಸಮುದ್ರದ ಫೋಟೋ ತೆಗೆಯೋವಾಗ ಇದನ್ನೇ ಎದುರಿಸಿದ್ರು, ಆಗಿನ ಪ್ಲೇಟುಗಳು ನೀಲಿ ಬಣ್ಣಕ್ಕೆ ಜಾಸ್ತಿ ಸ್ಪಂದಿಸ್ತಿದ್ದ ಕಾರಣ ಆಕಾಶ ಪೂರ್ತಿ ಬಿಳಿಯಾಗಿ ಹೋಗ್ತಿತ್ತು. ಅವರು ಆಕಾಶಕ್ಕೊಂದು ನೆಗೆಟಿವ್, ಸಮುದ್ರಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಪ್ರಿಂಟಲ್ಲಿ ಸೇರಿಸಿದ್ರು. ಇವತ್ತು ಫೋನಿನ ಎಚ್‌ಡಿಆರ್ ಬೇರೆ ಬೇರೆ ಎಕ್ಸ್‌ಪೋಷರ್ ಸೇರಿಸಿ ಕ್ಷಣದಲ್ಲಿ ಮಾಡೋದೂ ಹೆಚ್ಚುಕಮ್ಮಿ ಅದೇ ಕೆಲಸ. ಅದೂ ಸಾಲದಾದಾಗ ಸ್ಕ್ರೀನ್ ಮೇಲೆ ಮೋಡ ಇರೋ ಕಡೆ ಒತ್ತಿ ಬ್ರೈಟ್‌ನೆಸ್ ಸ್ವಲ್ಪ ಕೆಳಗೆ ಎಳೆದು ತೆಗೀಬೇಕು, ಯಾಕಂದ್ರೆ ಪೂರ್ತಿ ಬಿಳಿ ಆಗಿ ಹೋದ ಜಾಗದಲ್ಲಿ ಮಾಹಿತಿನೇ ಇರಲ್ಲ, ಕಪ್ಪಾದ ನೆಲದಲ್ಲಿ ಅಷ್ಟೋ ಇಷ್ಟೋ ಉಳಿದಿರುತ್ತೆ, ಅದನ್ನ ಆಮೇಲೆ ಮೇಲೆತ್ತಬಹುದು.

ಈಗ ಎಡಿಟಿಂಗ್. ಎಡಿಟ್ ಮಾಡೋದು ಮೋಸ ಅನ್ನೋರಿಗೆ ನಾನು ಆನ್ಸೆಲ್ ಆಡಮ್ಸ್ ಹೆಸರು ಹೇಳ್ತೀನಿ. ಅಮೆರಿಕದ ಬೆಟ್ಟಗಳ ಫೋಟೋಗೆ ಹೆಸರಾದ ಅವರು ಮೊದಲು ಪಿಯಾನೋ ಕಲಿತವರು, ಹಾಗಾಗಿ ನೆಗೆಟಿವ್ ಅಂದ್ರೆ ಬರೆದಿಟ್ಟ ಸ್ವರ, ಪ್ರಿಂಟ್ ಅಂದ್ರೆ ಅದನ್ನ ನುಡಿಸೋದು ಅಂತ ಹೋಲಿಸ್ತಿದ್ರು. ಡಾರ್ಕ್‌ರೂಮಲ್ಲಿ ಕೈಯಿಂದ ಬೆಳಕು ತಡೆದು ಒಂದು ಜಾಗ ತಿಳಿ ಮಾಡೋದು, ಇನ್ನೊಂದು ಜಾಗಕ್ಕೆ ಜಾಸ್ತಿ ಬೆಳಕು ಬಿಟ್ಟು ಗಾಢ ಮಾಡೋದು, ಇದನ್ನೆಲ್ಲ ಅವರು ತುಂಬಾ ಶ್ರದ್ಧೆಯಿಂದ ಮಾಡ್ತಿದ್ರು. ಫೋನಿನ ಆಪಲ್ಲಿ ಬೆರಳಿಂದ ಸವರಿ ಒಂದು ಜಾಗ ಮಾತ್ರ ಬೆಳಗಿಸ್ತೀವಲ್ಲ, ಅದು ಇದೇ. ಆದ್ರೆ ಸ್ವರಾನೇ ಇಲ್ಲದೇ ಇದ್ರೆ ನುಡಿಸೋದು ಏನನ್ನ? ಅದಕ್ಕೇ ನಾನು ಫ್ರೇಮ್ ಬಗ್ಗೆ ಇಷ್ಟು ಉದ್ದ ಬರೆದಿದ್ದು.

ನಾನು ಮಾಡೋ ಕ್ರಮ ಸಣ್ಣದು. ಮೊದಲು ದಿಗಂತ ನೇರ ಮಾಡಿ ಬೇಡದ್ದನ್ನ ಕ್ರಾಪ್ ಮಾಡ್ತೀನಿ, ಅದೂ ಅಳತೆಯಲ್ಲಿ, ಯಾಕಂದ್ರೆ 12 ಮೆಗಾಪಿಕ್ಸೆಲ್ ಫೋಟೋನ ಅಗಲ ಎತ್ತರ ಎರಡರಲ್ಲೂ ಅರ್ಧಕ್ಕೆ ಕತ್ತರಿಸಿದ್ರೆ ಕೈಲಿ ಉಳಿಯೋದು 3 ಮಾತ್ರ. ಆಮೇಲೆ ವೈಟ್ ಬ್ಯಾಲೆನ್ಸ್, ಅಂದ್ರೆ ಬಣ್ಣ ಹಳದಿ ಕಡೆಗೋ ನೀಲಿ ಕಡೆಗೋ ಅನ್ನೋ ಹೊಂದಾಣಿಕೆ, ಅದನ್ನ ಆಟೋದಲ್ಲಿ ಬಿಟ್ರೆ ಎಷ್ಟೋ ಸಲ ಸಂಜೆಯ ಕೇಸರಿ ಬಣ್ಣಾನ ಕ್ಯಾಮೆರಾ ತಪ್ಪು ಅಂದ್ಕೊಂಡು ತೊಳೆದುಬಿಡುತ್ತೆ, ಸ್ವಲ್ಪ ಬೆಚ್ಚಗೆ ಮಾಡಿದ್ರೆ ವಾಪಸ್ ಬರುತ್ತೆ. ಹೈಲೈಟ್ಸ್ ಅಂದ್ರೆ ತುಂಬಾ ಬೆಳ್ಳಗಿರೋ ಭಾಗ ಇಳಿಸಿ, ಶ್ಯಾಡೋಸ್ ಅಂದ್ರೆ ನೆರಳಿನ ಭಾಗ ಸ್ವಲ್ಪ ಏರಿಸಿ, ಕಾಂಟ್ರಾಸ್ಟ್ ಚೂರು. ಕೊನೆಗೆ ಬಣ್ಣ, ಅಲ್ಲಿ ಮಾತ್ರ ಕೈ ಬಿಗಿ ಹಿಡೀಬೇಕು. ಸ್ಯಾಚುರೇಷನ್ ಎಲ್ಲಾ ಬಣ್ಣಾನೂ ಒಂದೇ ಸಮ ಎತ್ತುತ್ತೆ, ವೈಬ್ರೆನ್ಸ್ ಮಂಕಾಗಿರೋ ಬಣ್ಣಾನ ಜಾಸ್ತಿ ಎತ್ತಿ ಮೊದಲೇ ಗಾಢ ಇರೋದನ್ನ ಅಷ್ಟಾಗಿ ಮುಟ್ಟಲ್ಲ, ಹೊಸಬರಿಗೆ ಅದೇ ಕ್ಷೇಮ. ಹುಲ್ಲು ಪೇಂಟ್ ಬಳಿದ ಹಾಗೆ ಕಂಡ್ರೆ, ಬೆಟ್ಟದ ಅಂಚಲ್ಲಿ ಬಿಳಿ ಗೆರೆ ಮೂಡಿದ್ರೆ ಅತಿಯಾಯ್ತು ಅಂತಾನೇ ಅರ್ಥ. ಎಡಿಟ್ ಮಾಡ್ತಾ ಮಾಡ್ತಾ ಕಣ್ಣು ಅದಕ್ಕೆ ಒಗ್ಗಿ ಹೋಗುತ್ತೆ, ಅದಕ್ಕೆ ನಾನು ಆವತ್ತೇ ಯಾರಿಗೂ ಕಳಿಸಲ್ಲ, ಮಾರನೇ ದಿನ ನೋಡಿ ಹೆಚ್ಚುಕಮ್ಮಿ ಎಲ್ಲಾ ಸ್ಲೈಡರನ್ನೂ ಅರ್ಧಕ್ಕೆ ಇಳಿಸ್ತೀನಿ.

ಫೋನಲ್ಲಿ ರಾ ಫೈಲ್, ಅಂದ್ರೆ ಕ್ಯಾಮೆರಾ ಸೆನ್ಸರ್ ಹಿಡಿದ ಮಾಹಿತಿನ ಹೆಚ್ಚುಕಮ್ಮಿ ಹಾಗೇ ಉಳಿಸೋ ಫೈಲ್ ಸೌಲಭ್ಯ ಇದ್ರೆ ಹೊಸಬರು ಒಂದು ಸಲ ಪ್ರಯತ್ನ ಮಾಡಿ ನೋಡ್ಲಿ. ಸಾಮಾನ್ಯ ಜೆಪೆಗ್ ಫೈಲಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು, 12 ಬಿಟ್ ರಾ ಫೈಲಲ್ಲಿ 4,096, ಹಾಗಾಗಿ ಆಕಾಶಾನ ಎಷ್ಟು ಎಳೆದಾಡಿದ್ರೂ ಪಟ್ಟಿ ಪಟ್ಟಿ ಆಗೋದು ಕಮ್ಮಿ.

ಈಗ ನನ್ನ ಬೇಡಿಕೆಗೆ ಬರ್ತೀನಿ. ವಾರಕ್ಕೆ ಒಂದೇ ಫೋಟೋ ಆದ್ರೂ ಪರವಾಗಿಲ್ಲ, ಅದರ ಪಕ್ಕ ಸಣ್ಣದಾಗಿ ಕ್ಯಾಮೆರಾದಿಂದ ಬಂದ ಒರಿಜಿನಲ್ ಹಾಕಿ, ಕೆಳಗೆ ತೆಗೆದವರದ್ದೇ ಮಾತಲ್ಲಿ ಮೂರು ಸಾಲು, ಏನನ್ನ ತೋರಿಸ್ಬೇಕು ಅಂದ್ಕೊಂಡಿದ್ರು, ಎಲ್ಲಿ ನಿಂತಿದ್ರು, ಎಡಿಟಲ್ಲಿ ಏನು ಬದಲಾಯಿಸಿದ್ರು ಅಂತ. ಆಕಾಶಾನೇ ಬೇರೆ ಫೋಟೋದಿಂದ ತಂದು ಅಂಟಿಸಿದ್ರೆ ಅದನ್ನೂ ಬರೀಲಿ, ಲ ಗ್ರೇ ಕೂಡ ಅಂಟಿಸಿದ್ರು, ಅದರಲ್ಲಿ ನಾಚಿಕೆ ಏನಿಲ್ಲ, ಆದ್ರೆ ನೋಡೋರಿಗೆ ಗೊತ್ತಿರಬೇಕು, ಇಲ್ಲಾಂದ್ರೆ ಹೊಸಬರು ಅಂಥ ಆಕಾಶಕ್ಕೆ ತಿಂಗಳುಗಟ್ಟಲೆ ಕಾಯ್ತಾ ಕೂತಿರ್ತಾರೆ. ಇನ್ನೊಂದು, ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಇಂಕ್ ಹರಡಿ ನೆರಳಿನ ಭಾಗ ಇನ್ನೂ ಕಪ್ಪಾಗಿ ಬರುತ್ತೆ, ಫೋನ್ ಸ್ಕ್ರೀನಲ್ಲಿ ಚೆನ್ನಾಗಿ ಕಂಡದ್ದು ಪೇಪರಲ್ಲಿ ಮಸಿ ಆಗಿರುತ್ತೆ, ಹಾಗಾಗಿ ಕಳಿಸೋ ಮುಂಚೆ ಶ್ಯಾಡೋಸ್ ಒಂಚೂರು ತಿಳಿ ಮಾಡಿ ಅಂತ ಸೂಚನೆಯಲ್ಲೇ ಬರೆದ್ರೆ ಎಷ್ಟೋ ಒಳ್ಳೆ ಫೋಟೋ ಉಳಿಯುತ್ತೆ. ಹಾಗೇ ಪುಟದಲ್ಲಿ ಜಾಗ ಸಾಲದಿದ್ರೆ ಫೋಟೋನ ಚಿಕ್ಕದು ಮಾಡಿ ಹಾಕಿ, ಪಕ್ಕ ಕತ್ತರಿಸ್ಬೇಡಿ ದಯವಿಟ್ಟು, ಆ ಅಂಚಿಗಾಗಿ ಯಾರೋ ನೆಲದ ಮೇಲೆ ಮಂಡಿಯೂರಿ ಕೂತಿರ್ತಾರೆ.

ಈ ಪತ್ರದ ಜೊತೆ ನನ್ನದೇ ಒಂದು ಕೆರೆ ಫೋಟೋ ಕಳಿಸ್ತಿದೀನಿ, ಒರಿಜಿನಲ್ ಮತ್ತು ಎಡಿಟ್ ಮಾಡಿದ್ದು ಎರಡೂ ಇದೆ. ಒರಿಜಿನಲಲ್ಲಿ ದಿಗಂತ ಎಡಕ್ಕೆ ವಾಲಿದೆ, ಬಲ ಮೂಲೆಯಲ್ಲಿ ಅರ್ಧ ಮರ ಇದೆ, ಹಾಗೇ ಹಾಕಿ.

ಇಂತಿ,
ನಿಮ್ಮ ಪೇಪರಿನ ಹಳೇ ಓದುಗ