ಕರ್ನಲ್ ಅಪ್‌ಡೇಟ್ ಹಾಕಿದರೆ ಸಾಲದು, ರೀಬೂಟೂ ಆಗಬೇಕು

ಮಾನ್ಯ ಸಂಪಾದಕರೇ,

ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂಬ ಜಾಗೃತಿ ಮಾತು ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಈಗ ಎಲ್ಲರಿಗೂ ಬಾಯಿಪಾಠವಾಗಿದೆ. ಅದು ಬೇಕಾದದ್ದೇ. ಆದರೆ ಅದೇ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ಅದಕ್ಕೆ ಯಾರೂ ಮೋಸಹೋಗಬೇಕಾಗಿಲ್ಲ, ಯಾರ ಪಾಸ್‌ವರ್ಡೂ ಸೋರಬೇಕಾಗಿಲ್ಲ. ಯಂತ್ರದಲ್ಲಿ ಒಂದು ಸಾಮಾನ್ಯ ಅಕೌಂಟ್ ಇದ್ದವರು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿರುವ ಲೋಪವನ್ನು ಬಳಸಿ ಇಡೀ ಯಂತ್ರವನ್ನೇ ಕೈವಶ ಮಾಡಿಕೊಳ್ಳಬಹುದು. ಇಂಥ ಲೋಪ ಬಯಲಾಗುವ ಹೊತ್ತಿಗೆ ಸಾಮಾನ್ಯವಾಗಿ ಅದರ ಪರಿಹಾರವೂ ಬಂದಿರುತ್ತದೆ. ಬಂದದ್ದನ್ನು ನಾವು ಪೂರ್ತಿಯಾಗಿ ಹಾಕಿಕೊಳ್ಳುವುದಿಲ್ಲ ಎಂಬುದೇ ಈ ಪತ್ರದ ಕಾಳಜಿ.

ಯಾವ ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ಪ್ರತಿ ಸಲವೂ ತೀರ್ಮಾನಿಸುವುದು ಕರ್ನಲ್. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ರತಿ ಬಳಕೆದಾರರಿಗೂ ಒಂದು ಸಂಖ್ಯೆ ಇರುತ್ತದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಸಾಮಾನ್ಯ ಅಕೌಂಟುಗಳು 1000ದಿಂದ ಶುರುವಾಗುತ್ತವೆ. ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಅಕೌಂಟಿನ ಸಂಖ್ಯೆ 0. ಯಾರ ಅನುಮತಿಯೂ ಇಲ್ಲದೆ 1001ನೇ ಬಳಕೆದಾರ 0 ಆಗಿಬಿಡುವುದಕ್ಕೇ ಪ್ರಿವಿಲೇಜ್ ಎಸ್ಕಲೇಷನ್ ಎನ್ನುವುದು. ಇದಕ್ಕೆ ಬೇಕಾದ ಮೊದಲ ಮೆಟ್ಟಿಲು, ಅಂದರೆ ಯಂತ್ರದೊಳಗೆ ಪ್ರೋಗ್ರಾಮ್ ಬರೆದು ಓಡಿಸುವ ಅವಕಾಶ, ಹೊರಗಿನವರಿಗೆ ಸಿಗುವುದು ಕಷ್ಟ. ನಮ್ಮ ಲ್ಯಾಬ್‌ಗಳಲ್ಲಿ ಅದನ್ನು ಪಠ್ಯಕ್ರಮವೇ ಎಲ್ಲ ವಿದ್ಯಾರ್ಥಿಗಳಿಗೂ ಕೊಡುತ್ತದೆ, ಕೊಡಲೂ ಬೇಕು. ಆದ್ದರಿಂದ ಫೈರ್‌ವಾಲ್ ಇದೆ ಎಂದು ಲ್ಯಾಬ್‌ನವರು ನಿಶ್ಚಿಂತೆಯಿಂದ ಇರುವಂತಿಲ್ಲ.

ಉದಾಹರಣೆಗೆ ಡರ್ಟಿ ಪೈಪ್ ಎಂಬ ಲೋಪ; ಭದ್ರತಾ ಲೋಪಗಳಿಗೆ ಕೊಡುವ ಸಿವಿಇ ಗುರುತು ಸಂಖ್ಯೆಯಲ್ಲಿ ಇದು ಸಿವಿಇ-2022-0847. ಆಪರೇಟಿಂಗ್ ಸಿಸ್ಟಮ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಕಲಿಯುವ ಅದೇ ಪೈಪ್ ಇದು, ಅಂದರೆ ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ದಾರಿ. ಡಿಸ್ಕಿನಿಂದ ಓದಿದ ಫೈಲನ್ನು ಕರ್ನಲ್ ಮೆಮೊರಿಯ ಪೇಜ್ ಕ್ಯಾಶ್‌ನಲ್ಲಿ ಪುಟಗಳಾಗಿ ಇಟ್ಟುಕೊಂಡಿರುತ್ತದೆ. ಸ್ಪ್ಲೈಸ್ ಎಂಬ ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕೋರಿಕೆ) ಆ ಪುಟವನ್ನು ನಕಲು ಮಾಡದೆ ನೇರವಾಗಿ ಪೈಪಿಗೆ ಜೋಡಿಸುತ್ತದೆ. ‘ಈ ಪುಟಕ್ಕೆ ಮುಂದಿನ ಬರಹವನ್ನೂ ಸೇರಿಸಬಹುದು’ ಎಂದು ಹೇಳುವ ಒಂದು ಫ್ಲ್ಯಾಗ್ ಪೈಪಿನಲ್ಲಿದೆ. ಹೊಸ ಪುಟ ಜೋಡಿಸುವಾಗ ಅದನ್ನು ಸೊನ್ನೆ ಮಾಡಬೇಕಿತ್ತು, ಕೋಡ್ ಅದನ್ನು ಮಾಡುತ್ತಿರಲಿಲ್ಲ. ಹಳೆಯ ಫ್ಲ್ಯಾಗ್ ಹಾಗೇ ಉಳಿದು, ಓದಲಷ್ಟೇ ಅನುಮತಿ ಇದ್ದ ಫೈಲಿನ ಮೇಲೂ ಬರೆಯಲು ಸಾಧ್ಯವಾಯಿತು. ಎಲ್ಲ ಅಕೌಂಟುಗಳ ಪಟ್ಟಿ ಇರುವ ಪಾಸ್‌ವರ್ಡ್ ಫೈಲನ್ನು ಯಾರು ಬೇಕಾದರೂ ಓದಬಹುದು. ಈ ಲೋಪ ಇದ್ದ ಯಂತ್ರದಲ್ಲಿ ಯಾರು ಬೇಕಾದರೂ ತಿದ್ದಬಹುದಾಗಿತ್ತು. ಇನ್ನೂ ಗಂಭೀರವಾದ ಮಾತೆಂದರೆ, ಬದಲಾವಣೆ ಆಗುವುದು ಮೆಮೊರಿಯಲ್ಲಿ. ಆ ಪುಟ ಬದಲಾಗಿದೆ ಎಂಬ ಗುರುತು ಕರ್ನಲ್‌ಗೂ ಇರುವುದಿಲ್ಲವಾದ್ದರಿಂದ, ಬೇರೆ ಕಾರಣಕ್ಕೆ ಡಿಸ್ಕಿಗೆ ಇಳಿಯದಿದ್ದರೆ, ರೀಬೂಟ್ ಆದ ಮೇಲೆ ಫೈಲು ಮೊದಲಿದ್ದಂತೆಯೇ ಕಾಣುತ್ತದೆ.

ಇದನ್ನು ಪತ್ತೆಹಚ್ಚಿದ ಮ್ಯಾಕ್ಸ್ ಕೆಲ್ಲರ್‌ಮನ್ ಅವರು ಹ್ಯಾಕಿಂಗ್ ಹುಡುಕುತ್ತಿರಲಿಲ್ಲ. ವೆಬ್ ಸರ್ವರಿನ ಜಿಪ್ ಮಾಡಿದ ಲಾಗ್ ಫೈಲುಗಳು ಆಗಾಗ ಕೆಡುತ್ತಿವೆ ಎಂಬ ಗ್ರಾಹಕರ ದೂರು 2021ರ ಏಪ್ರಿಲ್‌ನಲ್ಲಿ ಬಂತು; ತಪ್ಪು ಕರ್ನಲ್‌ನದೇ ಎಂದು ಖಚಿತವಾದದ್ದು 2022ರ ಫೆಬ್ರುವರಿಯಲ್ಲಿ. ಅವರು ವರದಿ ಮಾಡಿದ್ದು ಫೆಬ್ರುವರಿ 20ಕ್ಕೆ, ಸರಿಪಡಿಸಿದ 5.16.11, 5.15.25, 5.10.102 ಆವೃತ್ತಿಗಳು ಹೊರಬಂದದ್ದು ಫೆಬ್ರುವರಿ 23ಕ್ಕೆ, ವಿಷಯ ಬಹಿರಂಗವಾದದ್ದು ಮಾರ್ಚ್ 7ಕ್ಕೆ. ಕರ್ನಲ್ ತಂಡ ಮೂರೇ ದಿನದಲ್ಲಿ ತನ್ನ ಕೆಲಸ ಮುಗಿಸಿತು. ಉಳಿದ ಕೆಲಸ ಯಂತ್ರ ನೋಡಿಕೊಳ್ಳುವವರದು.

ಆ ಕೆಲಸ ಕೆಡುವ ಜಾಗಗಳು ನಾಲ್ಕಾರಿವೆ. ಹೊಸ ಕರ್ನಲ್ ಇನ್‌ಸ್ಟಾಲ್ ಆದ ಮಾತ್ರಕ್ಕೆ ಅದು ಓಡುವುದಿಲ್ಲ; ರೀಬೂಟ್ ಆಗುವವರೆಗೆ ಮೆಮೊರಿಯಲ್ಲಿ ಇರುವುದು ಹಳೆಯದೇ. ಉಬುಂಟು ಸರ್ವರ್ ಭದ್ರತಾ ಅಪ್‌ಡೇಟುಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ, ಆದರೆ ನಾವು ಹೇಳದೆ ರೀಬೂಟ್ ಆಗುವುದಿಲ್ಲ. ಯುಪಿಎಸ್ ಮೇಲಿರುವ ಸರ್ವರ್ ಕರೆಂಟ್ ಹೋದರೂ ನಿಲ್ಲುವುದಿಲ್ಲ, ಹೀಗಾಗಿ ವರ್ಷಗಟ್ಟಲೆ ಹಳೆಯ ಕರ್ನಲ್ ಮೇಲೇ ಓಡುತ್ತಿರಬಹುದು. ‘ನಮ್ಮ ಸರ್ವರ್ ಒಂದು ವರ್ಷದಿಂದ ನಿಂತೇ ಇಲ್ಲ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಲೈವ್‌ಪ್ಯಾಚ್ (ರೀಬೂಟ್ ಇಲ್ಲದೆ ಓಡುತ್ತಿರುವ ಕರ್ನಲ್‌ಗೇ ಪರಿಹಾರ ಹಾಕುವ ವ್ಯವಸ್ಥೆ) ಇಲ್ಲದ ಪಕ್ಷದಲ್ಲಿ, ಒಂದು ವರ್ಷದ ಕರ್ನಲ್ ಪರಿಹಾರಗಳು ಅದರಲ್ಲಿ ಇಲ್ಲ ಎಂದೇ ಅರ್ಥ. ಲೈವ್‌ಪ್ಯಾಚ್ ಇದ್ದರೂ ಅದು ಎಲ್ಲ ಲೋಪಗಳಿಗೂ ಬರುವುದಿಲ್ಲ.

ಪರೀಕ್ಷಿಸುವುದು ಸುಲಭ. ವಾರ್ ರನ್ (/var/run) ಫೋಲ್ಡರಿನಲ್ಲಿ ‘ರೀಬೂಟ್-ರಿಕ್ವೈರ್ಡ್’ (reboot-required) ಎಂಬ ಫೈಲ್ ಇದ್ದರೆ ರೀಬೂಟ್ ಬಾಕಿ ಇದೆ. ಓಡುತ್ತಿರುವ ಆವೃತ್ತಿಯನ್ನು ‘ಯುನೇಮ್ ಮೈನಸ್ ಆರ್’ (uname -r) ಎಂಬ ಕಮಾಂಡ್ ತೋರಿಸುತ್ತದೆ. ಇಲ್ಲೊಂದು ಗೊಂದಲವಿದೆ. ಉಬುಂಟು 22.04ರ ಮೂಲ ಕರ್ನಲ್ ಯಾವಾಗಲೂ 5.15.0 ಎಂದೇ ತೋರಿಸುತ್ತದೆ. ಪರಿಹಾರಗಳನ್ನು ಅದಕ್ಕೇ ಸೇರಿಸುತ್ತಾ ಹೋಗುತ್ತಾರೆ, ಬದಲಾಗುವುದು ಅಡ್ಡಗೆರೆಯ ನಂತರದ ಸಂಖ್ಯೆ. ಆದ್ದರಿಂದ 5.15.25ಕ್ಕಿಂತ ಕಡಿಮೆ ಎಂದು ಗಾಬರಿಯಾಗಬೇಡಿ. ಉಬುಂಟುವಿನ ಭದ್ರತಾ ಪುಟದಲ್ಲಿ ಸಿವಿಇ ಸಂಖ್ಯೆ ಹುಡುಕಿ, ಅಲ್ಲಿ ಕೊಟ್ಟ ಸಂಖ್ಯೆಗೆ ಹೋಲಿಸಿ.

ಅಪ್‌ಡೇಟ್ ಹಾಕುವಾಗ ‘ಆಪ್ಟ್-ಗೆಟ್ ಅಪ್‌ಗ್ರೇಡ್’ ಕೊಟ್ಟರೆ ಹೊಸ ಕರ್ನಲ್ ಬರುವುದೇ ಇಲ್ಲ. ಉಬುಂಟುವಿನಲ್ಲಿ ಹೊಸ ಕರ್ನಲ್ ಹೊಸ ಪ್ಯಾಕೇಜ್ ಆಗಿ ಬರುತ್ತದೆ. ಆ ಕಮಾಂಡ್ ಹೊಸ ಪ್ಯಾಕೇಜ್ ಸೇರಿಸದೆ ‘ಕೆಪ್ಟ್ ಬ್ಯಾಕ್’ ಎಂದು ಬಿಟ್ಟುಬಿಡುತ್ತದೆ. ‘ಆಪ್ಟ್ ಅಪ್‌ಗ್ರೇಡ್’ ಅಥವಾ ‘ಆಪ್ಟ್-ಗೆಟ್ ಡಿಸ್ಟ್-ಅಪ್‌ಗ್ರೇಡ್’ ಕೊಡಬೇಕು. ಅದಕ್ಕೂ ಮೊದಲು ಬೂಟ್ ಪಾರ್ಟಿಷನ್ನಿನಲ್ಲಿ ಜಾಗ ನೋಡಿ. ಒಂದು ಕರ್ನಲ್ ಬೂಟ್ ಆಗಲು ಬೇಕಾದ ತನ್ನ ಇನಿಟ್‌ಆರ್‌ಡಿ ಫೈಲ್ ಸಮೇತ 100 ಎಂಬಿಯ ಆಸುಪಾಸು ತಿನ್ನುತ್ತದೆ. 512 ಎಂಬಿಯ ಬೂಟ್ ಪಾರ್ಟಿಷನ್ ನಾಲ್ಕು ಕರ್ನಲ್‌ಗೆ ತುಂಬಿ, ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ. ‘ಆಪ್ಟ್ ಆಟೋರಿಮೂವ್’ ಹಳೆಯವನ್ನು ತೆಗೆಯುತ್ತದೆ. ಆದರೆ ಈಗ ಓಡುತ್ತಿರುವುದನ್ನು ತೆಗೆಯಬೇಡಿ: ಹೊಸದು ಬೂಟ್ ಆಗದಿದ್ದರೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಅದನ್ನೇ ಆರಿಸಬೇಕಾಗುತ್ತದೆ. ಎನ್‌ವಿಡಿಯಾದಂಥ ಹೊರಗಿನ ಡ್ರೈವರ್ ಇರುವ ಯಂತ್ರಗಳಲ್ಲಿ ತೊಂದರೆ ಬರುವ ಸಂಭವ ಹೆಚ್ಚು. ಮೊದಲು ಒಂದೇ ಯಂತ್ರದಲ್ಲಿ ಹಾಕಿ, ಒಂದು ದಿನ ಓಡಿಸಿ, ಆಮೇಲೆ ಉಳಿದವಕ್ಕೆ ಹೋಗಿ. ಇನಿಟ್‌ಆರ್‌ಡಿ ಬರೆಯುವ ಹೊತ್ತಿನಲ್ಲಿ ಕರೆಂಟ್ ಹೋದರೆ ಹೊಸ ಕರ್ನಲ್ ಬೂಟ್ ಆಗದೆ ನಿಲ್ಲುತ್ತದೆ. ಯುಪಿಎಸ್ ಚಾರ್ಜ್ ಇರುವಾಗಲೇ ಮಾಡಿ.

ಲ್ಯಾಬಿನ ಡೆಸ್ಕ್‌ಟಾಪ್‌ಗಳು ಸಂಜೆ ಆಫ್ ಆಗುವುದರಿಂದ ರೀಬೂಟ್ ಅಲ್ಲಿ ಸಮಸ್ಯೆಯಲ್ಲ. ಅಲ್ಲಿನ ಸಮಸ್ಯೆ ಕ್ಲೋನ್ ಇಮೇಜ್, ಅಂದರೆ ಎಲ್ಲ ಇನ್‌ಸ್ಟಾಲ್ ಆದ ಇಡೀ ಸಿಸ್ಟಮ್‌ನ ನಕಲು. ಒಮ್ಮೆ ತಯಾರಿಸಿದ ಇಮೇಜನ್ನೇ ಪ್ರತಿ ಸೆಮಿಸ್ಟರ್ ಆರಂಭದಲ್ಲಿ 60 ಯಂತ್ರಗಳಿಗೆ ಇಳಿಸಿದರೆ, ಮುಚ್ಚಿದ್ದ ಲೋಪಗಳೆಲ್ಲ ಒಂದೇ ದಿನದಲ್ಲಿ ಮತ್ತೆ ತೆರೆದುಕೊಳ್ಳುತ್ತವೆ. ಇಮೇಜನ್ನೇ ಮೊದಲು ಅಪ್‌ಡೇಟ್ ಮಾಡಿ, ಅದರ ಹೆಸರಿನಲ್ಲಿ ದಿನಾಂಕ ಬರೆಯಿರಿ. ಇಂಟರ್‌ನೆಟ್ ಸಾಲದು ಎಂಬ ದೂರಿಗೂ ದಾರಿಯಿದೆ. ಒಂದು ಯಂತ್ರದಲ್ಲಿ ‘ಆಪ್ಟ್-ಕ್ಯಾಷರ್-ಎನ್‌ಜಿ’ ಹಾಕಿ, ಉಳಿದವಕ್ಕೆ ಅದರ 3142ನೇ ಪೋರ್ಟನ್ನು ಪ್ರಾಕ್ಸಿಯಾಗಿ ಕೊಟ್ಟರೆ ಪ್ರತಿ ಪ್ಯಾಕೇಜ್ ಹೊರಗಿನಿಂದ ಒಂದೇ ಸಲ ಇಳಿಯುತ್ತದೆ.

ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿಡುವ ಡಾಕರ್ ಒಳಗೆ ಓಡಿಸುತ್ತೇವೆ, ಆದ್ದರಿಂದ ಸುರಕ್ಷಿತ ಎಂಬ ನಂಬಿಕೆಯೂ ತಪ್ಪು. ಕಂಟೇನರುಗಳೆಲ್ಲ ಒಂದೇ ಕರ್ನಲ್ ಹಂಚಿಕೊಳ್ಳುತ್ತವೆ. ಬೇರೆ ಕರ್ನಲ್ ಇರುವುದು ಯಂತ್ರದೊಳಗೆ ಇನ್ನೊಂದು ಯಂತ್ರದಂತೆ ಓಡುವ ವರ್ಚುವಲ್ ಮಷೀನಿಗೆ. ಅಲ್ಲದೆ ವಿದ್ಯಾರ್ಥಿಗಳ ಅಕೌಂಟನ್ನು ಡಾಕರ್ ಗ್ರೂಪಿಗೆ ಸೇರಿಸಿದರೆ ಯಾವ ಲೋಪವೂ ಬೇಡ, ರೂಟ್ ಅಧಿಕಾರವನ್ನು ನಾವೇ ಕೊಟ್ಟಂತೆ. ಕರ್ನಲ್ ಲೋಪಕ್ಕೆ ಇನ್ನೊಂದು ಉದಾಹರಣೆಯಾದ, 2024ರಲ್ಲಿ ಬಯಲಾದ ಸಿವಿಇ-2024-1086 ನೆಟ್‌ವರ್ಕ್ ಮಾಹಿತಿಯನ್ನು ಸೋಸುವ ನೆಟ್‌ಫಿಲ್ಟರ್ ಭಾಗದ್ದು: ಬಿಡುಗಡೆ ಮಾಡಿದ ಮೆಮೊರಿಯನ್ನೇ ಮತ್ತೆ ಬಳಸುವ ತಪ್ಪು. ನಿಜವಾದ ದಾಳಿಗಳಲ್ಲಿ ಬಳಕೆಯಾಗಿದೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಅದನ್ನು ಆ ವರ್ಷದ ಮೇ ತಿಂಗಳಲ್ಲೇ ಪಟ್ಟಿಗೆ ಸೇರಿಸಿತು. ಸಾಮಾನ್ಯ ಬಳಕೆದಾರರು ಯೂಸರ್ ನೇಮ್‌ಸ್ಪೇಸ್ (ಒಳಗೆ ತಾವೇ ರೂಟ್‌ನಂತೆ ಇರಬಹುದಾದ ಪ್ರತ್ಯೇಕ ಆವರಣ) ಮಾಡಿಕೊಳ್ಳುವುದನ್ನು ನಿಲ್ಲಿಸಿದರೆ ಇಂಥ ದಾಳಿಗೆ ತಾತ್ಕಾಲಿಕ ತಡೆ ಸಿಗುತ್ತದೆ, ಆದರೆ ರೂಟ್‌ಲೆಸ್ ಕಂಟೇನರುಗಳು, ಕೆಲವು ಬ್ರೌಸರುಗಳ ಸ್ಯಾಂಡ್‌ಬಾಕ್ಸ್ ಕೆಲಸ ಮಾಡುವುದಿಲ್ಲ. ಅಪ್‌ಡೇಟಿಗೆ ಇದು ಬದಲಿಯಲ್ಲ.

ವಿಂಡೋಸ್ ಬಗ್ಗೆ ಎರಡು ಮಾತು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪಹಣಿ, ಆಧಾರ್ ಪ್ರತಿ ತೆಗೆದುಕೊಡುವ ಅಂಗಡಿಗಳ ಕಂಪ್ಯೂಟರಿನಲ್ಲಿ ದಿನದ ಕೆಲಸವನ್ನು ಅಡ್ಮಿನಿಸ್ಟ್ರೇಟರ್ ಅಕೌಂಟಿನಲ್ಲಿ ಮಾಡಬೇಡಿ; ಸ್ಟ್ಯಾಂಡರ್ಡ್ ಅಕೌಂಟ್ ಒಂದನ್ನು ಮಾಡಿಕೊಳ್ಳಿ.

ಯಾರೋ ರೂಟ್ ಆಗಿದ್ದಾರೆ ಎಂಬ ಅನುಮಾನ ಬಂದರೆ ಮಾತ್ರ ತಕ್ಷಣ ರೀಬೂಟ್ ಮಾಡಬಾರದು, ಮೆಮೊರಿಯಲ್ಲಿರುವ ಸಾಕ್ಷ್ಯ ಅಳಿದುಹೋಗುತ್ತದೆ. ನೆಟ್‌ವರ್ಕ್ ಕೇಬಲ್ ಕಿತ್ತು, ತಿಳಿದವರನ್ನು ಕರೆಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಆಮೇಲೆ ಆ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಅಲ್ಲಲ್ಲಿ ತೇಪೆ ಹಾಕಿ ಮುಂದುವರಿಸಬೇಡಿ.

ಕಾಲೇಜುಗಳ ಪ್ರಾಂಶುಪಾಲರು, ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿರ್ವಹಣಾ ಗುತ್ತಿಗೆಗಳಲ್ಲಿ ಕೀಬೋರ್ಡ್, ಎಸ್‌ಎಂಪಿಎಸ್, ಪ್ರಿಂಟರ್ ಎಂದೆಲ್ಲ ಬರೆದಿರುತ್ತದೆ. ಮುಂದಿನ ಸಲ ಸಹಿ ಹಾಕುವಾಗ ತಿಂಗಳಿಗೊಮ್ಮೆ ಕರ್ನಲ್ ಅಪ್‌ಡೇಟ್, ಅದೇ ದಿನ ರೀಬೂಟ್, ರೀಬೂಟ್ ನಂತರದ ಆವೃತ್ತಿ ಸಂಖ್ಯೆಯನ್ನು ಲ್ಯಾಬ್ ರಿಜಿಸ್ಟರಿನಲ್ಲಿ ಬರೆದು ಸಹಿ ಎಂಬ ಷರತ್ತನ್ನೂ ಸೇರಿಸಿ. ಆಂತರಿಕ ಅಂಕ, ಹಾಜರಾತಿ ಇರುವ ಸರ್ವರಿನಲ್ಲಿ ವಿದ್ಯಾರ್ಥಿಗಳ ಲ್ಯಾಬ್ ಅಕೌಂಟ್ ಇದ್ದರೆ ಅದನ್ನು ಈ ವಾರವೇ ಬೇರೆ ಯಂತ್ರಕ್ಕೆ ಸಾಗಿಸಿ.

ಇಂತಿ,
ಲಿನಕ್ಸ್ ಸರ್ವರ್ ನೋಡಿಕೊಳ್ಳುವ ತಂತ್ರಜ್ಞರು
ತುಮಕೂರು