ಅಪ್ಪನ ಕಾಲಿನ ವಿಷಯ

ಬ್ರೂಮ್, ಪಶ್ಚಿಮ ಆಸ್ಟ್ರೇಲಿಯಾ
ಸೀಗೆ ಹುಣ್ಣಿಮೆಯ ಮಾರನೇ ದಿನ

ಅಮ್ಮನಿಗೆ ನಮಸ್ಕಾರಗಳು. ನಾವು ಮೂವರೂ ಚೆನ್ನಾಗಿದೀವಿ. ಅಲ್ಲಿ ಎಲ್ಲರೂ ಕ್ಷೇಮ ಅಂತ ನಂಬಿದ್ದೆ. ನಿನ್ನ ಕಾಗದ ಓದಿದ ಮೇಲೆ ಹಾಗೆ ಬರೆಯೋಕೆ ಕೈ ಬರ್ತಿಲ್ಲ.

ನೀನು ಬರೆದ ಎರಡು ಹಾಳೆಯ ಫೋಟೊ ತೆಗೆದು ಸುಮಾ ಕಳಿಸಿದಾಗ ನಾವು ಪರ್ತ್‌ನಲ್ಲಿ ವಿಮಾನ ಹತ್ತೋ ಸಾಲಲ್ಲಿ ನಿಂತಿದ್ವಿ. ಮೊದಲ ಹಾಳೆ ತುಂಬ ಅಡಿಕೆ ಕೊಳೆ, ಕೌಲಿ ಕರು ಹಾಕಿದ್ದು, ಶಾರದತ್ತೆ ಮನೆ ಮದುವೆ. ಎರಡನೇ ಹಾಳೆಯ ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ, ಅಪ್ಪನ ಬಲಗಾಲಿನ ಹೆಬ್ಬೆರಳ ಕೆಳಗೆ ಗಾಯ ಆಗಿ ಮೂರು ವಾರ ಆಯ್ತು, ಒಣಗ್ತಿಲ್ಲ, ನೋವಿಲ್ಲ ಅಂತಾರೆ ಅಂತ ಬರೆದಿದೀಯ. ಮೊದಲ ಸಾಲಲ್ಲೇ ಬರೆಯಬೇಕಾದ ವಿಷಯ ಅದು, ಅಮ್ಮ.

ನೋವಿಲ್ಲ ಅನ್ನೋ ಮಾತೇ ನನ್ನ ನಿದ್ದೆ ಕೆಡಿಸಿರೋದು. ಅಪ್ಪಂಗೆ ಸಕ್ಕರೆ ಕಾಯಿಲೆ ಬಂದು 14 ವರ್ಷ. ಇಷ್ಟು ವರ್ಷ ಆದವರಿಗೆ ಪಾದದ ನರಗಳು ಸೋತು ಹೋಗಿರಬಹುದು. ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ, ಕೀವು ತುಂಬಿದ್ದೂ ಗೊತ್ತಾಗಲ್ಲ. ನಾನು ಕೆಲಸ ಮಾಡೋ ವೃದ್ಧಾಶ್ರಮದಲ್ಲಿ ಸಂಜೆ ಆದ್ರೆ ಒಬ್ಬೊಬ್ಬರ ಕಾಲನ್ನೂ ತಿರುಗಿಸಿ, ಬೆರಳ ಸಂದಿ ಬಿಡಿಸಿ ನೋಡ್ತೀವಿ. ಅಲ್ಲಿ ಒಬ್ಬರು ಅಜ್ಜ ಇದಾರೆ. ಹೊಸ ಬೂಟು ಕಚ್ಚಿ ಆದ ಸಣ್ಣ ಗುಳ್ಳೆ, ಯಾರಿಗೂ ಹೇಳಲಿಲ್ಲ, ಕೊನೆಗೆ ಎರಡು ಬೆರಳು ತೆಗೆಯಬೇಕಾಯ್ತು. ನಿನ್ನನ್ನ ಹೆದರಿಸೋಕೆ ಬರೀತಿಲ್ಲ. ಅಪ್ಪಂಗೆ ಹಾಗೇನೂ ಆಗಲ್ಲ. ಬೇಗ ತೋರಿಸಿದ್ರೆ ಖಂಡಿತ ಆಗಲ್ಲ.

ಇಂಥ ಹೊತ್ತಲ್ಲಿ ಇವಳು ಕಡಲು ನೋಡೋಕೆ ಹೋಗಿದಾಳೆ ಅಂತ ಅಂದುಕೋಬೇಡ. ಟಿಕೆಟ್ ಮೇ ತಿಂಗಳಲ್ಲೇ ತೆಗೆದಿದ್ದು, ದುಡ್ಡು ವಾಪಸ್ ಬರಲ್ಲ. ಪುಟ್ಟಿಗೆ ಶಾಲೆ ರಜೆ ಇರೋದೂ ಈಗಲೇ. ಇದನ್ನ ಬಿಟ್ಟರೆ ಮತ್ತೆ ಏಪ್ರಿಲ್ ಮೇವರೆಗೆ ಈ ಕಡೆ ಬರೋ ಹಾಗಿಲ್ಲ. ನವೆಂಬರಿಂದ ಚಂಡಮಾರುತದ ಕಾಲ, ಕಡಲಲ್ಲಿ ಉಗುರಿನಷ್ಟು ಸಣ್ಣ ಜೆಲ್ಲಿ ಫಿಶ್ ಬರುತ್ತವೆ, ತಾಗಿದ್ರೆ ಆಸ್ಪತ್ರೆಗೇ ಓಡಬೇಕು. ಪರ್ತ್‌ನಿಂದ ವಿಮಾನದಲ್ಲೇ ಎರಡೂವರೆ ಗಂಟೆ, ರಸ್ತೆಯಲ್ಲಾದ್ರೆ 2000 ಕಿಲೋಮೀಟರಿಗೂ ಮೇಲೆ. ಅಷ್ಟು ದೂರ ಬಂದ್ರೂ ರಾಜ್ಯ ಮಾತ್ರ ಅದೇ! ಇದನ್ನ ಅಪ್ಪಂಗೆ ಹೇಳು, ಮ್ಯಾಪ್ ತೆಗೆದು ನೋಡ್ತಾರೆ.

ಇಲ್ಲಿಯ ಮಣ್ಣು ನಮ್ಮ ಗುಡ್ಡದ ಮಣ್ಣಿಗಿಂತಲೂ ಕೆಂಪು. ಪಿಂಡನ್ ಅಂತಾರೆ. ಪುಟ್ಟಿಯ ಬಿಳಿ ಲಂಗ ಎಷ್ಟು ಒಗೆದರೂ ಆ ಕೆಂಪು ಬಿಡ್ತಿಲ್ಲ. ಆ ಕೆಂಪಿನ ಅಂಚಿಗೇ ಬಿಳಿ ಮರಳು ಶುರುವಾಗುತ್ತೆ, 22 ಕಿಲೋಮೀಟರ್ ಉದ್ದ. ಕೇಬಲ್ ಬೀಚ್ ಅಂತ ಹೆಸರು, 1889ರಲ್ಲಿ ಜಾವಾದಿಂದ ಕಡಲಡಿಯಲ್ಲಿ ತಂತಿ ಎಳೆದು ತಂದು ಇಲ್ಲಿ ದಡಕ್ಕೆ ಹತ್ತಿಸಿದ್ರಂತೆ. ಸಂಜೆ ಆದ್ರೆ ಅದೇ ಮರಳ ಮೇಲೆ ಒಂಟೆ ಸಾಲು ಹೊರಡುತ್ತೆ. ಆಸ್ಟ್ರೇಲಿಯಾಕ್ಕೂ ಒಂಟೆಗೂ ಏನು ಸಂಬಂಧ ಅಂತ ಕೇಳಿದ್ರೆ, 1860ರಲ್ಲಿ ಒಂದು ಹಿಂಡನ್ನೇ ಕರಾಚಿಯಿಂದ ಹಡಗಲ್ಲಿ ತರಿಸಿದ್ರಂತೆ, ಆಮೇಲೂ ಆ ಕಡೆಯಿಂದ ತರಿಸ್ತಾನೇ ಹೋದ್ರಂತೆ. ಹಾಗಾದ್ರೆ ನಮ್ಮ ದೇಶದ ಕಡೆಯಿಂದಲೇ ಬಂದವು ಅಂತ ಪುಟ್ಟಿ ಪಕ್ಕದ ಬಿಳಿ ಹುಡುಗಿಗೆ ಜೋರಾಗಿ ಹೇಳಿದಳು. ನನಗೂ ಖುಷಿಯಾಯ್ತು.

ಮಳೆ ಇನ್ನೂ ಬಂದಿಲ್ಲ, ಆದ್ರೆ ಗಾಳಿ ತಿರುಗಿದೆ. ಈ ನೆಲದ ಮೂಲ ಜನರಿಗೆ ಯಾವುರು ಅಂತ ಹೆಸರು. ಅವರ ಲೆಕ್ಕದಲ್ಲೂ ನಮ್ಮ ಹಾಗೇ ವರ್ಷಕ್ಕೆ ಆರು ಋತು. ಈಗಿನದು ಲರ್ಜ, ಡಿಸೆಂಬರಿಂದ ಮನ್‌ಗಲ, ಅದೇ ಮಳೆಗಾಲ. ಲರ್ಜ ಅಂದ್ರೆ ನಮ್ಮ ಮೇ ಕೊನೆಯ ವಾರ ಇದ್ದ ಹಾಗೆ. ಬೆಳಗ್ಗೆ ಏಳಕ್ಕೇ ಬೆವರು, ಮಧ್ಯಾಹ್ನ ದಿಗಂತದಲ್ಲಿ ಮೋಡ ಗೋಪುರ ಕಟ್ಟುತ್ತೆ, ಸಂಜೆಗೆ ಕರಗಿ ಹೋಗುತ್ತೆ. ವರ್ಷಕ್ಕೆ ಬೀಳೋದು ಸುಮಾರು 600 ಮಿಲಿಮೀಟರ್ ಅಷ್ಟೇ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳು ಅದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತೆ ಅಂತ ರಮೇಶ್ ಹೇಳಿದ್ರೆ ಹೋಟೆಲಿನವರು ನಂಬಲೇ ಇಲ್ಲ.

ಇನ್ನೊಂದು ಕಡೆಗೆ ಕೊಲ್ಲಿ ಇದೆ, ರೋಬಕ್ ಬೇ. ಅಲ್ಲಿಗೆ ಸೈಬೀರಿಯಾದಿಂದ ಹಕ್ಕಿಗಳು ಬಂದಿಳಿದಿವೆ, ಸಾವಿರಗಟ್ಟಲೆ. ಕೆಸರಲ್ಲಿ ಕೊಕ್ಕು ಹಾಕಿ ತಿಂತಾನೇ ಇರ್ತವೆ. ತಂದೆತಾಯಿ ಹಕ್ಕಿ ಮೊದಲು ಹೊರಟು ಬಿಡುತ್ತವಂತೆ, ಆ ವರ್ಷದ ಮರಿಗಳು ಆಮೇಲೆ ತಾವೇ ಹಾರಿ ಬರುತ್ತವಂತೆ. ದಾರಿ ಯಾರು ಹೇಳಿಕೊಟ್ರು ಅಂತ ಪುಟ್ಟಿ ಹತ್ತು ಸಲ ಕೇಳಿದಳು. ನನಗೆ ಉತ್ತರ ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

ನಿನ್ನೆ ಹುಣ್ಣಿಮೆ. ಇಲ್ಲಿ ಕಡಲ ಉಬ್ಬರ ಇಳಿತಗಳ ಮಧ್ಯೆ 9 ಮೀಟರಿಗೂ ಹೆಚ್ಚು ವ್ಯತ್ಯಾಸ ಇರುತ್ತೆ, ನಮ್ಮ ಮನೆ ಮಾಳಿಗೆ ಮುಳುಗೋವಷ್ಟು. ನೀರು ಇಳಿದಾಗ ಕೆಸರು ಬಯಲು ತೆರೆದುಕೊಳ್ಳುತ್ತೆ. ಅಲ್ಲಲ್ಲಿ ನಿಂತ ನೀರಿನ ಮೇಲೆ ಹುಟ್ಟೋ ಚಂದ್ರನ ಬೆಳಕು ಬಿದ್ರೆ ದಡದಿಂದ ಚಂದ್ರನವರೆಗೆ ಮೆಟ್ಟಿಲು ಹಾಕಿದ ಹಾಗೆ ಕಾಣುತ್ತೆ. ಮಾರ್ಚಿಂದ ಅಕ್ಟೋಬರ್‌ವರೆಗೆ ಮಾತ್ರ ಕಾಣೋದು. ಊರಿಗೆ ಊರೇ ದಡದಲ್ಲಿ ಕೂತಿತ್ತು, ಎಲ್ಲರೂ ಸುಮ್ಮನೆ. ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ನಮ್ಮ ಗದ್ದೆ. ಭೂಮಿ ಹುಣ್ಣಿಮೆ ಅಲ್ವಾ. ನೀನು ರಾತ್ರಿಯೆಲ್ಲ ಅಡುಗೆ ಮಾಡಿರ್ತೀಯ, ಬೆಳಗಿನ ಜಾವ ಭೂಮಣ್ಣಿ ಬುಟ್ಟಿ ಹೊತ್ತುಕೊಂಡು, ಲಾಟೀನು ಹಿಡ್ಕೊಂಡು ಅಪ್ಪ ಚರಗ ಬೀರೋಕೆ ಇಳಿದೇ ಇರ್ತಾರೆ. ಬರಿಗಾಲಲ್ಲಿ. ಆ ಗಾಯ ಇಟ್ಟುಕೊಂಡು, ಪಾದ ಮುಳುಗೋ ಕೆಸರಲ್ಲಿ. ಬೇಡ ಅಂದ್ರೆ, ಬಸುರಿ ಭೂತಾಯಿಗೆ ಬಯಕೆ ಬಡಿಸೋಕೆ ಚಪ್ಪಲಿ ಹಾಕ್ಕೊಂಡು ಹೋಗ್ಲಾ ಅಂತ ಬೈದಿರ್ತಾರೆ. ಹೋಗಿದ್ರಾ ಇಲ್ವಾ, ಅದನ್ನ ಮೊದಲು ಬರಿ.

ಇವತ್ತು ಬೆಳಗ್ಗೆ ಐದೂವರೆಗೆ, ನೀರು ಪೂರ್ತಿ ಇಳಿದಾಗ, ಗ್ಯಾಂಥಿಯಂ ಪಾಯಿಂಟ್ ಅನ್ನೋ ಕೆಂಪು ಬಂಡೆಗಳ ಕೆಳಗೆ ಇಳಿದ್ವಿ. ಅಲ್ಲಿ ಡೈನೋಸಾರ್ ಹೆಜ್ಜೆ ಗುರುತು ಇವೆ, ಸುಮಾರು 13 ಕೋಟಿ ವರ್ಷದ್ದು. ಬಂಡೆಯಲ್ಲಿ ಮೂರು ಬೆರಳು ಒತ್ತಿದ ಹಾಗೇ ಇದೆ. ಎಲ್ಲರೂ ಫೋಟೊ ತೆಗೀತಿದ್ರು. ನನಗೆ ಆ ಮೂರು ಬೆರಳು ನೋಡಿ ನಿಲ್ಲೋಕಾಗಲಿಲ್ಲ. ಪಕ್ಕಕ್ಕೆ ಹೋಗಿ ಸುಮಾಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ರಾತ್ರಿ ಮೂರು ಗಂಟೆ ಅನ್ನೋದೇ ಮರೆತು ಹೋಗಿತ್ತು. ಅದಕ್ಕೇ ಈಗ ಕೂತು ಬರೀತಿದೀನಿ. ಸುಮಾ ಮೊಬೈಲಿಗೆ ಕಳಿಸ್ತೀನಿ, ಅಪ್ಪ ತೋಟಕ್ಕೆ ಹೋದಾಗ ನಿಂಗೆ ಓದಿ ಹೇಳಲಿ. ಫೋನಲ್ಲಿ ಮಾತಾಡೋಣ ಅಂದ್ರೆ ಅಪ್ಪ ಪಕ್ಕದಲ್ಲೇ ಕೂತು ಏನಿಲ್ಲ ಏನಿಲ್ಲ ಅಂತಾನೇ ಇರ್ತಾರೆ.

ಈಗ ಹೇಳೋದನ್ನ ಸರಿಯಾಗಿ ಕೇಳು. ಗಾಯಕ್ಕೆ ಅರಿಶಿನ, ಸುಣ್ಣ, ಸೊಪ್ಪಿನ ರಸ ಏನೂ ಬೇಡ. ಬಿಸಿನೀರಲ್ಲಿ ಕಾಲು ಮುಳುಗಿಸಿ ಕೂರೋದೂ ಬೇಡ, ಬಿಸಿ ಅವರಿಗೆ ಗೊತ್ತಾಗಲ್ಲ, ಸುಟ್ಟುಕೊಳ್ತಾರೆ. ಸ್ವಚ್ಛವಾದ ಬಟ್ಟೆ ಪಟ್ಟಿ ಸಡಿಲವಾಗಿ ಕಟ್ಟು, ಮನೆ ಒಳಗೂ ಚಪ್ಪಲಿ ಹಾಕಿಸು. ಸೋಮವಾರದ ಒಳಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಲೇಬೇಕು. ಶೇಖರಣ್ಣನ ಕಾರು ಕೇಳಿದೀನಿ, ಹೂಂ ಅಂದಿದಾರೆ. ಊರಲ್ಲಿ ಪಟ್ಟಿ ಬದಲಾಯಿಸ್ಕೊಂಡು ಬಂದ್ರೆ ಸಾಲದು. ಮೂಳೆಗೆ ಇಳಿದಿದೆಯಾ ಅಂತ ಎಕ್ಸ್‌ರೇ, ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದೆಯಾ ಅಂತ ಪರೀಕ್ಷೆ, ಮೂರು ತಿಂಗಳ ಸಕ್ಕರೆ ಲೆಕ್ಕ, ಈ ಮೂರನ್ನೂ ಕೇಳು ಅಂತ ಸುಮಾಗೆ ಹೇಳು. ಗಾಯ ಕಪ್ಪಾದ್ರೆ, ವಾಸನೆ ಬಂದ್ರೆ, ಪಾದ ಕೆಂಪಾಗಿ ಊದಿದ್ರೆ, ಚಳಿಜ್ವರ ಬಂದ್ರೆ ಸೋಮವಾರದವರೆಗೆ ಕಾಯೋದೇ ಬೇಡ, ಅವತ್ತೇ ಹೊರಡಿ.

ದುಡ್ಡಿನ ಯೋಚನೆ ಮಾಡಬೇಡ. ಸುಮಾ ಖಾತೆಗೆ 40,000 ರೂಪಾಯಿ ಹಾಕಿದೀನಿ. ಅಡಿಕೆ ಮಾರಿ ತೀರಿಸ್ತೀನಿ ಅಂತ ಅಪ್ಪ ಶುರು ಮಾಡ್ತಾರೆ, ನನಗೆ ಏನೂ ತೀರಿಸೋದು ಬೇಡ. ಮಗನಾಗಿದ್ರೆ ತಗೋತಿದ್ರಲ್ವಾ, ಹಾಗೇ ತಗೊಳ್ಳಲಿ. ದೀಪಾವಳಿಗೆ ಗದ್ದೆಗೆ ದೀಪ ಇಡೋಕೆ ಶೇಖರಣ್ಣನ ಮಗನನ್ನ ಕಳಿಸು. ಅಪ್ಪ ಅಂಗಳದಿಂದಲೇ ಕೈಮುಗೀಲಿ.

ನನಗೇನೂ ಗಾಬರಿ ಇಲ್ಲ, ನೀನೂ ಗಾಬರಿ ಆಗಬೇಡ. ಇಂಥ ಗಾಯ ಎಷ್ಟೋ ವಾಸಿಯಾಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಡಾಕ್ಟ್ರು ಅಲ್ಲೇ ಉಳಿಸ್ಕೋಬೇಕು ಅಂದ್ರೆ ತಕ್ಷಣ ಹೊರಟು ಬರ್ತೀನಿ, ರಜೆ ಬಗ್ಗೆ ಮಾತಾಡಿ ಇಟ್ಟಿದೀನಿ. ಹಾಗಾಗಲ್ಲ ಬಿಡು. ನೀನು ರಾತ್ರಿ ಊಟ ಬಿಡಬೇಡ, ನಿನ್ನ ಬಿಪಿ ಮಾತ್ರೆ ಮರೀಬೇಡ.

ರಮೇಶ್ ಕಾರಲ್ಲಿ ಕೂತು ಹಾರ್ನ್ ಹೊಡೀತಿದಾರೆ, ವಿಮಾನಕ್ಕೆ ಹೊತ್ತಾಯ್ತು. ಪುಟ್ಟಿ ಅಜ್ಜಂಗೆ ಅಂತ ಒಂದು ಚಿಪ್ಪು ತೆಗೆದಿಟ್ಟಿದಾಳೆ. ಶಾರದತ್ತೆಗೆ ಮದುವೆ ಉಡುಗೊರೆ ವಿಷಯ ಆಮೇಲೆ ಬರೀತೀನಿ.

ಗಾಯದ ಫೋಟೊ ಇವತ್ತೇ ತೆಗೆಸಿ ಕಳಿಸು. ಹಗಲು ಬೆಳಕಲ್ಲಿ, ಹತ್ತಿರದಿಂದ. ಅಪ್ಪ ಬೈದ್ರೂ ಪರವಾಗಿಲ್ಲ.

ನಿನ್ನ,
ವಾಣಿ